ಮರಳಿನ ಆಚೆ ಬದಿ ಕೂತ ಮಕ್ಕಳು

ಅಣ್ಣನಿಗೆ ಜ್ವರ ಬರುವುದಕ್ಕೆ ಹಿಂದಿನ ದಿನ ನಾವಿಬ್ಬರೂ ಹಳ್ಳದಲ್ಲಿ ಶಾಲೆಯ ಮಕ್ಕಳು ಅಕ್ಷರ ತಿದ್ದಲೆಂದು ಮರಳು ಜರಡಿ ಹಿಡಿಯುತ್ತಿದ್ದೆವು. ಕಾರ್ತಿಕ ಮಾಸ. ಬಿಸಿಲು ಏರಿದ್ದರೂ ನೀರು ಕೊರೆಯುವಷ್ಟು ತಣ್ಣಗಿತ್ತು. ಎರಡೂ ದಡದ ಹೊಲಗಳಲ್ಲಿ ರಾಗಿ ತೆನೆ ಬಲಿತು ಬಾಗಿತ್ತು. ಅಣ್ಣ ಪಂಚೆ ಎತ್ತಿ ಕಟ್ಟಿಕೊಂಡು ನೀರಂಚಿನಿಂದ ಮಂಕರಿ ತುಂಬ ಮರಳು ತಂದು ಬಂಡೆಯ ಮೇಲೆ ಹರಡುತ್ತಿದ್ದ. ನಾನು ಮುಂಚೆಯೇ ಒಣಗಿದ್ದ ಮರಳನ್ನು ಜರಡಿಗೆ ಹಾಕಿ ಆಡಿಸುತ್ತಿದ್ದೆ. ಕಲ್ಲು, ಕಡ್ಡಿ, ಚಿಪ್ಪು ಎಲ್ಲ ಮೇಲೆ ಉಳಿದು, ಹಿಟ್ಟಿನಂಥ ಮರಳು ಮಾತ್ರ ಕೆಳಗೆ ಬೀಳಬೇಕು. ಒಂದು ಸಲ ಹಿಡಿದರೆ ಅವನಿಗೆ ಸಾಲದು.

"ಇನ್ನೊಂದ್ಸಲ ಆಡ್ಸಲಾ. ಮಕ್ಳು ಬೆರಳು ತರಚ್ಕತಾವೆ" ಎಂದ.

"ನಾನು ಕಲಿಯೋವಾಗ ಯಾರೂ ಜರಡಿ ಹಿಡೀಲಿಲ್ಲ."

"ಅದ್ಕೇ ನಿನ್ ಅಕ್ಸರ ಕೋಳಿ ಕೆದರ್ದಂಗೈತೆ."

"ನಿನ್ ಹುಡುಗ್ರುದು ಭಾರಿ ಚಂದಾನಾ?"

"ಹುಡುಗ್ರುದು ಬುಡು. ಹೆಣ್ಮಕ್ಳುದು ನೋಡ್ಬೇಕು ಕಣ್ಲಾ ನೀನು. ಆರಕ್ಕೆ ಆರೂ ಅಚ್ಚೊತ್ತಿದಂಗೆ ಬರೀತಾವೆ. ಅದ್ರಾಗೂ ಆ ಚೌಡಿ ಇದ್ದಾಳಲ್ಲ, ಕೈ ಹಿಡಿದು ತಿದ್ದಿಸ್ದೋನಲ್ಲ ನಾನು. ಸುಮ್ನೆ ನೋಡ್ಕಂಡು ಬರೀತಾಳೆ."

ಅವನು ಇದನ್ನು ಹೇಳುವಾಗ ಮುಖ ಎಷ್ಟು ಬೆಳಗಿತ್ತೆಂದು ನನಗೆ ಚೆನ್ನಾಗಿ ನೆನಪಿದೆ. ಮಧ್ಯಾಹ್ನದ ಹೊತ್ತಿಗೆ ಎರಡು ಮಂಕರಿ ಮರಳು ಹೊತ್ತು ಮನೆಗೆ ಬಂದೆವು. ಅತ್ತಿಗೆ ಮುದ್ದೆಯೂ ಹುರುಳಿ ಸಾರೂ ಬಡಿಸಿದರು. ಅಂಥ ದಿನಗಳು ಮುಂಚೆ ನೂರು ಬಂದಿದ್ದವು. ಆಮೇಲೆ ಬರಲಿಲ್ಲ.

ಅಣ್ಣ ವೆಂಕಟಪ್ಪ ನಮ್ಮೂರಿನ ಮೇಷ್ಟ್ರು. ಊರೆಂದರೆ ಡೆಂಕಣಿಕೋಟೆಯಿಂದ ಗುಮ್ಮಳಾಪುರದ ಕಡೆಗೆ ಹೋಗುವಾಗ ದಾರಿ ಬಿಟ್ಟು ಒಳಕ್ಕೆ ಸರಿದ ನಲವತ್ತು ಮನೆಗಳು. ಶಾಲೆಯೆಂದರೆ ಮುನೇಶ್ವರನ ಗುಡಿಯ ಪಕ್ಕದ ಚಾವಡಿ. ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಟ್ಟೆ ಸಿಗುತ್ತಿರಲಿಲ್ಲ, ಸ್ಲೇಟು ಬಳಪಗಳೂ ಸಿಗುತ್ತಿರಲಿಲ್ಲ. ಇದ್ದ ಹಳೆಯ ಸ್ಲೇಟುಗಳನ್ನೂ ಒಂದೇ ಒಂದು ಕರಿಹಲಗೆಯನ್ನೂ ಅಣ್ಣ ದೊಡ್ಡ ಮಕ್ಕಳಿಗೆ ಬಿಟ್ಟು, ಅವರನ್ನು ಚಾವಡಿಯ ಆ ಕೊನೆಯಲ್ಲಿ ಕೂರಿಸಿದ್ದ. ಒಂದನೆಯ ತರಗತಿಯವರಿಗೆ ಈ ಕೊನೆಯಲ್ಲಿ ನೆಲದ ಮೇಲೆ ಸುತ್ತ ಇಟ್ಟಿಗೆ ಇಟ್ಟು, ಮಂಚದಷ್ಟು ಉದ್ದಗಲಕ್ಕೆ ಮರಳು ತುಂಬಿದ್ದ. ಅದರ ಒಂದು ಬದಿಯ ನಡುವೆ ತಾನು ಕೂತು, ಕಡ್ಡಿಯಿಂದ ಮಧ್ಯದಲ್ಲಿ ದೊಡ್ಡದಾಗಿ ಒಂದು ಅಕ್ಷರ ಬರೆಯುತ್ತಿದ್ದ. ಮಕ್ಕಳು ಅದನ್ನು ನೋಡಿಕೊಂಡು ತಮ್ಮ ತಮ್ಮ ಮುಂದಿನ ಮರಳಿನಲ್ಲಿ ಬೆರಳಿನಿಂದ ಬರೆಯಬೇಕು. ಎಲ್ಲರದೂ ಆದ ಮೇಲೆ ಹಲಗೆಯಿಂದ ಸಮ ಮಾಡಿ ಮುಂದಿನ ಅಕ್ಷರ.

ಹುಡುಗರು ಏಳು ಜನ ಅಣ್ಣನ ಎಡಬಲದಲ್ಲಿ ಕೂರುತ್ತಿದ್ದರು. ಹುಡುಗಿಯರು ಆರು ಜನ ಎದುರು ಬದಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು. ಆ ಆರು ಹುಡುಗಿಯರನ್ನು ತರುವುದಕ್ಕೆ ಅಣ್ಣ ಒಂದು ಬೇಸಿಗೆ ಪೂರ್ತಿ ಮನೆಮನೆ ತಿರುಗಿದ್ದ. ಅದಕ್ಕೆ ಮುಂಚೆ ನಮ್ಮೂರಿನಲ್ಲಿ ಹೆಣ್ಣುಮಗುವೊಂದು ಚಾವಡಿ ಹತ್ತಿದ್ದಿಲ್ಲ. ಕೊನೆಗೆ ಊರ ಗೌಡರು ಒಪ್ಪಿದ್ದು ಒಂದು ಮಾತಿನ ಮೇಲೆ. ಹುಡುಗರ ಮಗ್ಗುಲಲ್ಲಿ ಕೂರಿಸಬಾರದು, ಮೇಷ್ಟ್ರ ಕಣ್ಣೆದುರಿಗೇ ಇರಬೇಕು. ಅಣ್ಣ ಹಾಗೆಯೇ ಕೂರಿಸಿದ.

ಮರಳು ತಂದ ಮರುದಿನ ಅಣ್ಣ ಚಾವಡಿಯಿಂದ ನಡುಗುತ್ತಾ ಬಂದ. ಕಾಡಿನ ಅಂಚಿನ ನಮ್ಮ ಊರುಗಳಿಗೆ ಚಳಿಜ್ವರ ಹೊಸದಲ್ಲ. ಎಲ್ಲರಿಗೂ ಬರುತ್ತಿತ್ತು, ಎರಡು ಕಂಬಳಿ ಹೊದ್ದು ಮಲಗಿ ಎಲ್ಲರೂ ಎದ್ದು ಬರುತ್ತಿದ್ದರು. ಅಣ್ಣ ಏಳಲಿಲ್ಲ. ಕ್ವಿನೈನ್ ಹುಡುಕಿಕೊಂಡು ನಾನು ಡೆಂಕಣಿಕೋಟೆಗೂ, ಅಲ್ಲಿಂದ ಹೊಸೂರಿಗೂ ಹೋಗಿ ಬರುವಷ್ಟರಲ್ಲಿ ಐದನೆಯ ದಿನವಾಗಿತ್ತು. ನಾನು ಬಂದಾಗ ಅವನಿಗೆ ಮಾತಿರಲಿಲ್ಲ. ಅದೇ ಸಂಜೆ ಹೋದ. ಅವನಿಗೆ ಇಪ್ಪತ್ತೊಂಬತ್ತು, ನನಗೆ ಇಪ್ಪತ್ತೊಂದು. ಆ ಐದು ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಹನ್ನೊಂದನೆಯ ದಿನ ಕಳೆದ ಮೇಲೆ ಗೌಡರು ಬಂದು ಜಗುಲಿಯ ಮೇಲೆ ಕೂತರು.

"ಹೊಸ ಮೇಷ್ಟ್ರು ಬರೋಗಂಟ ನೀನೇ ಹೋಗಿ ಕೂತ್ಕಳಪ್ಪ ಮುನಿಯಪ್ಪ. ಒಂದ್ಸಲ ಬಾಗ್ಲು ಹಾಕಿದ್ರೆ ಮತ್ತೆ ತೆಗೆಯೋರು ಯಾರು?"

"ನಂಗೇನು ಬತ್ತದೆ ಗೌಡ್ರೆ. ಓದಿರೋದು ಎಂಟ್ನೇ ಕ್ಲಾಸು."

"ಒಂದ್ನೇ ಕ್ಲಾಸಿಗೆ ಎಂಟ್ನೇ ಕ್ಲಾಸು ಸಾಲ್ದಾ?"

ಒಳಗೆ ಅತ್ತಿಗೆ ಇದ್ದರು. ಅವರ ಮುಖ ನೋಡಿಕೊಂಡು ಮನೆಯಲ್ಲಿ ಕೂರುವುದಕ್ಕಿಂತ ಚಾವಡಿಯಲ್ಲಿ ಕೂರುವುದು ಸುಲಭವೆಂದು ಒಪ್ಪಿಕೊಂಡೆ. ಅಣ್ಣ ಕೂರುತ್ತಿದ್ದ ಜಾಗದಲ್ಲಿ ಕೂತೆ. ಅವನ ಕಡ್ಡಿ ಹಿಡಿದೆ. ಅವನ ಹಾಗೆಯೇ ಮಧ್ಯದಲ್ಲಿ ಅಕ್ಷರ ಬರೆದೆ. ಎದುರಿನ ಹುಡುಗಿಯರು ನೋಡಿಕೊಂಡು ಬರೆದರು. ನಿಜವಾಗಿಯೂ ಚೆನ್ನಾಗಿತ್ತು. ಹುಡುಗರದು ಸೊಟ್ಟ, ಅವರದು ದುಂಡಗೆ. ಅಣ್ಣ ಹಳ್ಳದಲ್ಲಿ ಹೇಳಿದ್ದು ಸರಿಯೇ ಎಂದುಕೊಂಡೆ. ಊರವರು ನನ್ನನ್ನು ಚಿಕ್ಕ ಮೇಷ್ಟ್ರು ಎನ್ನತೊಡಗಿದರು.

ಹೀಗೆ ಎರಡು ವಾರ ಕಳೆಯಿತು. ರಾಗಿ ಕೊಯ್ಲು ಶುರುವಾಗಿ ದೊಡ್ಡ ಮಕ್ಕಳು ಹೊಲಕ್ಕೆ ಹೋದರು, ಚಾವಡಿಯಲ್ಲಿ ಚಿಕ್ಕವರು ಮಾತ್ರ ಉಳಿದರು. ಒಂದು ದಿನ ಡೆಂಕಣಿಕೋಟೆಯ ಗಾಡಿಯವನೊಬ್ಬ ಹುಲ್ಲಿನಲ್ಲಿ ಸುತ್ತಿದ ಒಂದು ಕಟ್ಟನ್ನು ತಂದು ಚಾವಡಿಯ ಮೆಟ್ಟಿಲ ಮೇಲಿಟ್ಟು, ಒಳಗೆ ಇಣುಕಿ ನೋಡಿ, "ಮೇಷ್ಟರುಗಾರು ಎಕ್ಕಡ?" ಎಂದು ತೆಲುಗಿನಲ್ಲಿ ಮೇಷ್ಟ್ರನ್ನು ಕೇಳಿದ.

ಅಣ್ಣ ಹೋದದ್ದನ್ನು ಹೇಳಿದೆ. ಅವನು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಕನ್ನಡದಲ್ಲಿ, "ಆರು ತಿಂಗ್ಳಿಂದ ಕೇಳ್ತಿದ್ರು ಸಾಮಿ. ಈಗ ಸಿಕ್ತು" ಎಂದು ಹೇಳಿ ಹೋದ.

ಕಟ್ಟಿನಲ್ಲಿ ಹದಿಮೂರು ಹೊಸ ಸ್ಲೇಟುಗಳಿದ್ದವು. ಅಣ್ಣ ಮಕ್ಕಳ ಲೆಕ್ಕ ಕೊಟ್ಟೇ ತರಿಸಿದ್ದ. ನಾನು ಅವತ್ತೇ ಹಂಚಿದೆ. ಮಕ್ಕಳು ಮೂಸಿ ನೋಡಿದರು, ಕೆನ್ನೆಗೆ ಒತ್ತಿಕೊಂಡರು. ಎಲ್ಲರೂ ಅ ಬರೆಯಿರಿ ಎಂದೆ, ಬರೆದದ್ದನ್ನು ಎತ್ತಿ ತೋರಿಸಿ ಎಂದೆ. ಹದಿಮೂರು ಸ್ಲೇಟುಗಳು ಮೇಲೆದ್ದವು. ಹುಡುಗರ ಏಳರಲ್ಲಿಯೂ ಸೊಟ್ಟಸೊಟ್ಟಗೆ ಅ ಇತ್ತು. ಹುಡುಗಿಯರ ಆರರಲ್ಲಿ ಏನೋ ಬೇರೆಯದೇ ಇತ್ತು. ರ ಬರೆಯಿರಿ ಎಂದೆ. ತಲೆಯ ಮೇಲಿರಬೇಕಾದ ತಲೆಕಟ್ಟು ಕಾಲ ಕೆಳಗಿತ್ತು. ಗ ಬರೆಯಿರಿ ಎಂದೆ. ಬಟ್ಟಲಿನ ಹಾಗೆ ಬಾಯಿ ಮೇಲೆ ಮಾಡಿಕೊಂಡು ಕೂತಿತ್ತು. ಒಬ್ಬಳದಲ್ಲ, ಆರು ಜನರದೂ.

ಆಟವಾಡುತ್ತಿದ್ದಾರೆ ಎಂದುಕೊಂಡು ಗದರಿದೆ. ಅಳಿಸಿ ಮತ್ತೆ ಬರೆದರು. ಮತ್ತೆ ಅದೇ. ಹುಡುಗರ ಸ್ಲೇಟು ನೋಡಿಕೊಂಡು ಬರೆಯಿರಿ ಎಂದೆ. ನೋಡಿ ಗಾಬರಿಯಾದರು. ಮೂರ್ನಾಲ್ಕು ದಿನದಲ್ಲಿ ಕೆಲವರು ಅಕ್ಷರವನ್ನು ಅಡ್ಡಡ್ಡ ಮಲಗಿಸಿ ಬರೆಯತೊಡಗಿದರು, ಇಬ್ಬರು ಬಳಪ ಮುಟ್ಟುವುದನ್ನೇ ಬಿಟ್ಟರು. ಚೌಡಿ ಒಬ್ಬಳು ಮಾತ್ರ ಹೆದರಲಿಲ್ಲ. ಏಳು ವರ್ಷದ ಹುಡುಗಿ. ಅಪ್ಪ ಅಮ್ಮ ಇರಲಿಲ್ಲ, ಅಜ್ಜಿ ತಿಮ್ಮಕ್ಕ ಸಾಕುತ್ತಿದ್ದಳು.

"ಇದು ಅ ಏನೇ?" ಎಂದೆ.

"ಊಂ."

"ಯಾರ್ ಹೇಳ್ಕೊಟ್ರು ನಿಂಗೆ ಇಂಥ ಅಕ್ಸರ?"

"ಮೇಷ್ಟ್ರು."

"ಸುಳ್ಳು ಹೇಳ್ಬ್ಯಾಡ."

"ಸುಳ್ಳಲ್ಲ. ಮೇಷ್ಟ್ರು ಇಂಗೇ ಬರ್ದಿದ್ರು."

ಸತ್ತ ಅಣ್ಣನ ಮೇಲೆ ಮಾತು ಹಾಕುತ್ತಾಳಲ್ಲ ಎಂದು ಸಿಟ್ಟು ಬಂತು. ಅದೇ ಕಡ್ಡಿಯಿಂದ ಅವಳ ಬೆರಳ ಗಂಟಿನ ಮೇಲೆ ಹೊಡೆದೆ. ಅವಳು ಅಳಲಿಲ್ಲ. ಸ್ಲೇಟನ್ನು ನೆಲದ ಮೇಲೆ ಮೆಲ್ಲಗೆ ಇಟ್ಟು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಚೌಡಿ ಬರಲಿಲ್ಲ, ತಿಮ್ಮಕ್ಕ ಬಂದಳು. ಸೊಂಟದಲ್ಲಿ ಅವರೆಕಾಯಿ ಪುಟ್ಟಿ. ಕೆಳಗೇ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಶುರು ಮಾಡಿದಳು.

"ಚಿಕ್ ಮೇಷ್ಟ್ರೇ, ನಿಮ್ಮಣ್ಣ ಇದ್ದಾಗ ನನ್ ಮೊಮ್ಮಗ್ಳು ಚಂದಾಗಿ ಬರೀತಾಳೆ ಅಂತ ಮನೆ ಬಾಗ್ಲಿಗೆ ಬಂದು ಹೇಳ್ತಿದ್ರು. ನೀವು ಬಂದ್ಮೇಲೆ ಬರಾಕಿಲ್ಲ ಅಂತೀರಲ್ಲ. ಕೆಟ್ಟಿದ್ದು ಹುಡ್ಗೀನಾ, ಮೇಷ್ಟ್ರಾ?"

ನಾನು ಒಳಗೆ ಹೋಗಿ ಹಲಗೆಯಿಂದ ಮರಳು ಸಮ ಮಾಡತೊಡಗಿದೆ. ಆ ವಾರ ಇನ್ನಿಬ್ಬರು ಬರುವುದನ್ನು ಬಿಟ್ಟರು. ಗೌಡರಿಗೆ ಸುದ್ದಿ ಮುಟ್ಟಿತು. ಕಣದಿಂದ ಹಿಂದಿರುಗುವಾಗ ಚಾವಡಿಯ ಹತ್ತಿರ ನಿಂತರು.

"ನಾನು ಆಗ್ಲೇ ಹೇಳಿದ್ನಪ್ಪ ನಿಮ್ಮಣ್ಣಂಗೆ. ಹೆಣ್ಮಕ್ಳಿಗ್ಯಾಕೆ ಇದು ಅಂತ. ಸಂಕ್ರಾಂತಿ ಕಳೀಲಿ, ಇನ್ಸ್‌ಪೆಟ್ರು ಬತ್ತಾರೆ. ಅವರ ಮುಂದೆ ಬರೆದ್ರೆ ಇರ್ಲಿ. ಬರೀದಿದ್ರೆ ಮನೇಲಿ ಕಸ ಗುಡಿಸ್ಲಿ. ಅಷ್ಟೇ."

ನನಗೆ ಆ ದಿನಗಳಲ್ಲಿ ಹೆಚ್ಚು ನೋವು ಕೊಟ್ಟದ್ದು ಗೌಡರ ಮಾತಲ್ಲ. ಅಣ್ಣ ನನ್ನ ಮುಂದೆ ಸುಳ್ಳು ಹೇಳಿದನೇ ಎನ್ನುವ ಅನುಮಾನ. ಕಷ್ಟಪಟ್ಟು ಕರೆತಂದ ಹುಡುಗಿಯರಿಗೆ ಬರುವುದಿಲ್ಲ ಎಂದರೆ ಊರು ನಗುತ್ತದೆಂದು ಬರುತ್ತದೆ ಎನ್ನುತ್ತಿದ್ದನೇ? ಮರಳಿನಲ್ಲಿ ನಾನೇ ಕಣ್ಣಾರೆ ಕಂಡ ಅಕ್ಷರಗಳು ಸ್ಲೇಟಿಗೆ ಬಂದ ಕೂಡಲೇ ಎಲ್ಲಿ ಹೋದವು? ತಿಳಿಯಲಿಲ್ಲ. ಸತ್ತವನ ಮೇಲೆ ಅನುಮಾನ ಪಡುವುದು ಬಹಳ ಕೆಟ್ಟದ್ದು. ಕೇಳಿ ಪರಿಹರಿಸಿಕೊಳ್ಳಲು ಆಗುವುದಿಲ್ಲ.

ಒಂದು ಮಧ್ಯಾಹ್ನ ಮಕ್ಕಳು ಬುತ್ತಿ ಉಂಡು ಆಡುತ್ತಿದ್ದರು. ಚಳಿಗಾಲದ ಬಿಸಿಲು ಗೋಡೆಯ ಕಡೆ ಬಿದ್ದಿತ್ತು. ನಾನು ಹೋಗಿ ಅಲ್ಲಿ, ಹುಡುಗಿಯರು ಕೂರುವ ಜಾಗದಲ್ಲಿ, ಬೆನ್ನು ಕಾಯಿಸಿಕೊಳ್ಳುತ್ತ ಕೂತೆ. ಎದುರು ಬದಿಯಲ್ಲಿ ಒಂದನೆಯ ತರಗತಿಯ ಹುಡುಗನೊಬ್ಬ ಮೇಷ್ಟ್ರ ಆಟವಾಡುತ್ತಿದ್ದ. ಅಣ್ಣನ ಹಾಗೆ ಗಂಟಲು ಸರಿಮಾಡಿಕೊಂಡು, ಕಡ್ಡಿ ಹಿಡಿದು ಮರಳಿನ ಮಧ್ಯೆ ರ ಬರೆದ.

"ತಲೆಕಟ್ಟು ಯಾಕ್ಲಾ ಕೆಳಗಾಕಿದ್ದೀಯ?" ಎಂದೆ.

"ಮೇಲೇ ಐತಲ್ಲ ಮೇಷ್ಟ್ರೇ."

ಎದ್ದು ಅವನ ಪಕ್ಕಕ್ಕೆ ಹೋದೆ. ತಲೆಕಟ್ಟು ಮೇಲೆಯೇ ಇತ್ತು. ಗೋಡೆಯ ಬಳಿಗೆ ಬಂದು ಕೂತೆ. ಕೆಳಗಿತ್ತು. ಹೀಗೆ ಮೂರು ಸಲ ಆ ಕಡೆಗೂ ಈ ಕಡೆಗೂ ಓಡಾಡಿದೆ. ಚಿಕ್ಕ ಮೇಷ್ಟ್ರಿಗೆ ಏನೋ ಆಗಿದೆಯೆಂದು ಹುಡುಗರು ನಗತೊಡಗಿದರು. ಲಕ್ಷ್ಮಿ ಎಂಬ ಹುಡುಗಿ ಅಂಗಳದಲ್ಲಿದ್ದಳು. ಅವಳನ್ನು ಕರೆದು ಅವಳ ಜಾಗದಲ್ಲಿ ಕೂರಿಸಿ, ಮರಳಿನಲ್ಲಿ ಅ ಬರಿಯವ್ವ ಎಂದೆ. ನಾನು ಅಣ್ಣನ ಜಾಗದಲ್ಲಿ ಕೂತು ನೋಡಿದೆ. ದುಂಡಗಿನ, ಸ್ವಲ್ಪವೂ ಸೊಟ್ಟವಿಲ್ಲದ ಅ. ಅಚ್ಚೊತ್ತಿದ ಹಾಗಿತ್ತು.

ಅಣ್ಣ ಬರೆದದ್ದನ್ನು ಆ ಮಕ್ಕಳು ತಮಗೆ ಕಂಡ ಹಾಗೆಯೇ ಬರೆದಿದ್ದರು. ಅವರಿಗೆ ಕಂಡದ್ದು ತಲೆಕೆಳಗು. ಅವರು ತಲೆಕೆಳಗಾಗಿ ಬರೆದದ್ದು ಎದುರು ಕೂತ ಅಣ್ಣನಿಗೆ ನೇರವಾಗಿ ಕಾಣುತ್ತಿತ್ತು. ಅವನು ಮೆಚ್ಚಿದ, ಅವರು ಇನ್ನಷ್ಟು ಚೆನ್ನಾಗಿ ಬರೆದರು. ಐದು ತಿಂಗಳು ಹೀಗೇ ನಡೆದಿತ್ತು. ಅವನ ಜಾಗದಲ್ಲಿ ಕೂತ ನಾನೂ ಎರಡು ವಾರ ಅದನ್ನೇ ನೋಡಿ ಅದನ್ನೇ ನಂಬಿದ್ದೆ.

ಅಣ್ಣ ಸುಳ್ಳು ಹೇಳಿರಲಿಲ್ಲ. ಚೌಡಿಯೂ ಹೇಳಿರಲಿಲ್ಲ. ಅವನು ಸತ್ತ ಮೇಲೆ ಮೊದಲ ಸಲ ನನ್ನ ಎದೆ ಹಗುರವಾಯಿತು. ಮಕ್ಕಳೆದುರಿಗೇ ಅತ್ತುಬಿಟ್ಟೆ.

ಆದರೆ ಆ ಹಗುರ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ತಿದ್ದಬೇಕಾದರೆ ಮೊದಲು ಹುಡುಗಿಯರು ಬರಬೇಕು. ಬಿಟ್ಟುಹೋದವರನ್ನು ಕರೆತರಬೇಕಾದರೆ ಅವರ ಮನೆಯವರಿಗೆ ಕಾರಣ ಹೇಳಬೇಕು. ಕಾರಣವೆಂದರೆ ಅಣ್ಣ. ಆಗ ಊರಿನಲ್ಲಿ ಅವನನ್ನು ದೇವರಂಥ ಮೇಷ್ಟ್ರು ಎನ್ನುತ್ತಿದ್ದರು. ಐದು ತಿಂಗಳು ತಲೆಕೆಳಗಾಗಿ ಕಲಿಸಿದ ಎಂದು ನಾನೇ, ಅವನ ಒಡಹುಟ್ಟಿದವನೇ, ಹೇಳಬೇಕು. ಹೇಳದಿದ್ದರೆ ಹೆಣ್ಣುಮಕ್ಕಳ ತಲೆಗೆ ಅಕ್ಷರ ಹತ್ತುವುದಿಲ್ಲ ಎನ್ನುವ ಮಾತು ಊರಿನಲ್ಲಿ ನಿಲ್ಲುತ್ತದೆ. ಎರಡು ದಿನ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅತ್ತಿಗೆ ಅಂಗಳದಲ್ಲಿ ಹೊಸ ರಾಗಿ ಕೇರುತ್ತಿದ್ದರು. ಅಣ್ಣನಿಗೂ ಅವರಿಗೂ ಮಕ್ಕಳಿರಲಿಲ್ಲ. ಅಣ್ಣ ಹೋದ ಮೇಲೆ ಅವರು ಕೆಲಸವನ್ನೂ ಬಿಡುತ್ತಿರಲಿಲ್ಲ, ಮಾತನ್ನೂ ಆಡುತ್ತಿರಲಿಲ್ಲ. ನಾನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ವಿಷಯ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ.

"ತೋರ್ಸಪ್ಪ" ಎಂದು ಮೊರವನ್ನು ನಮ್ಮಿಬ್ಬರ ನಡುವೆ ನೆಲದ ಮೇಲಿಟ್ಟರು.

ಮೊರದ ರಾಗಿಯನ್ನು ಸಮ ಮಾಡಿ ಬೆರಳಿನಿಂದ ಗ ಬರೆದೆ. ಅತ್ತಿಗೆ ನೋಡಿದರು. ಎದ್ದು ಬಂದು ನನ್ನ ಹಿಂದೆ ನಿಂತು ನೋಡಿದರು. ಹಿಂದಿರುಗಿ ಹೋಗಿ ಮತ್ತೆ ನೋಡಿದರು.

"ಅಲ್ಲಿಂದ ಗುಡಿ ಬಾಗ್ಲಂಗೆ ಕಾಣ್ತದೆ, ಇಲ್ಲಿಂದ ಬಟ್ಲಂಗೆ ಕಾಣ್ತದೆ. ನಂಗೆ ಓದಾಕೆ ಬರಾಕಿಲ್ವಲ್ಲ, ಎರಡೂ ಒಂದೇ" ಎಂದರು. ಆಮೇಲೆ, "ಅಂಗಾರೆ ನಿಮ್ಮಣ್ಣ ದಿನಾ ಮನೆಗೆ ಬಂದು ಹೊಗಳ್ತಿದ್ದಿದ್ದು ಇದನ್ನೇಯಾ?" ಎಂದರು.

"ಊಂ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಭುಜ ಅಲುಗುವಷ್ಟು ನಕ್ಕು, ಅದರ ಕೊನೆಯಲ್ಲಿ ಅತ್ತರು.

"ಹೇಳ್ಲಾ, ಬ್ಯಾಡ್ವಾ ಅತ್ತಿಗೆ? ಊರ್ನೋರು ಏನಂತಾರೋ."

ಅವರು ಕಣ್ಣು ಒರೆಸಿಕೊಂಡು ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡರು. "ಹೋಗಿ ಹೇಳು. ಸತ್ತೋರ ಮರ್ಯಾದೆ ಎಲ್ಲಿಗೂ ಹೋಗಾಕಿಲ್ಲ ಕಣಪ್ಪ. ಆ ಮಕ್ಳುದು ಹೋಗ್ತದೆ."

ಅವತ್ತೇ ಗೌಡರನ್ನೂ ಆರು ಮನೆಯವರನ್ನೂ ಚಾವಡಿಗೆ ಕರೆದೆ. ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲವೆಂದು ಗೌಡರನ್ನು ಗೋಡೆಯ ಬದಿಗೆ ಕೂರಿಸಿದೆ. ಅವರಿಗೆ ಕನ್ನಡವೂ ತೆಲುಗೂ ಓದಲು ಬರುತ್ತಿತ್ತು. ಈಚೆ ಕೂತು ಮರಳಿನಲ್ಲಿ ಬರೆದು, ಇದೇನೆಂದು ಕೇಳಿದೆ. ಗೌಡರು ಕತ್ತನ್ನು ಎಡಕ್ಕೆ ಬಾಗಿಸಿದರು, ಬಲಕ್ಕೆ ಬಾಗಿಸಿದರು, ಕೊನೆಗೆ ಪೂರ್ತಿ ಮಗ್ಗುಲಾದರು.

ತಿಮ್ಮಕ್ಕ ಹಿಂದಿನಿಂದ, "ಬಿದ್ದೀರಾ ಗೌಡ್ರೇ. ನನ್ ಮೊಮ್ಮಗ್ಳು ಕೂತ ಜಾಗ ಅದು, ಭದ್ರ" ಎಂದಳು. ಜನ ನಕ್ಕರು.

ಆಮೇಲೆ ಅವಳೇ ನನ್ನ ಕಡೆ ತಿರುಗಿ, "ಅಂಗಾರೆ ನನ್ನ ಹುಡ್ಗಿ ಮೇಷ್ಟ್ರು ಬರ್ದಿದ್ದನ್ನೇ ಬರ್ದವ್ಳೆ" ಎಂದಳು.

"ಊಂ."

"ತಪ್ಪು ಅವಳ್ದಲ್ಲ."

"ಅಲ್ಲ. ಅಣ್ಣಂದು" ಎಂದೆ.

ಗೌಡರು ಎದ್ದು ಪಂಚೆಗೆ ಹತ್ತಿದ ಮರಳನ್ನು ಕೊಡವಿಕೊಂಡರು. "ಅವಂದೂ ಅಲ್ಲ ಬುಡು ಮುನಿಯಪ್ಪ" ಎಂದರು. "ಎದುರಿಗೇ ಕೂರ್ಸು ಅಂತ ಹಟ ಹಿಡಿದೋನು ನಾನು."

ನಾನು ಅಂದುಕೊಂಡದ್ದು ಯಾವುದೂ ನಡೆಯಲಿಲ್ಲ. ಅಣ್ಣನ ಹೆಸರು ಹಾಳಾಗಲಿಲ್ಲ. ಹೆಣ್ಣುಮಕ್ಕಳಿಗೆ ಅಕ್ಷರ ಹತ್ತುತ್ತದೆ, ನೋಡಿದ್ದನ್ನು ನೋಡಿದ ಹಾಗೆಯೇ ಬರೆಯುತ್ತವೆ ಎಂದು ಜನ ಆಡಿಕೊಳ್ಳುತ್ತ ಮನೆಗೆ ಹೋದರು. ನಾನು ಸಂಜೆ ತಿಮ್ಮಕ್ಕನ ಮನೆಗೆ ಹೋಗಿ ಚೌಡಿಯ ಮುಂದೆ ಕೂತೆ. ಹೊಡೆದದ್ದು ತಪ್ಪಾಯಿತು ಎಂದೆ.

"ನಾನು ಅವತ್ತೇ ಹೇಳಿದ್ನಲ್ಲ" ಎಂದು ಅವಳು ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದಳು. ಮರುದಿನ ಎಲ್ಲರಿಗಿಂತ ಮುಂಚೆ ಚಾವಡಿಯಲ್ಲಿದ್ದಳು.

ಜಾಗದ ತೊಂದರೆ ಬೇಗ ಬಗೆಹರಿಯಿತು. ಮರಳನ್ನು ಎರಡು ಭಾಗ ಮಾಡಿ ಚಾವಡಿಯ ಕಂಬದ ಆ ಕಡೆಗೊಂದು, ಈ ಕಡೆಗೊಂದು ಹಾಕಿದೆ. ಹುಡುಗರೂ ಹುಡುಗಿಯರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತರು. ನಡುವೆ ಒಂದು ಕಂಬವಿದ್ದರೆ ಸಾಕು ಎಂದರು ಗೌಡರು. ಆದರೆ ಬೆರಳಿಗೆ ಕೂತ ಅಭ್ಯಾಸ ಜಾಗ ಬದಲಿಸಿದ ಕೂಡಲೇ ಬದಲಾಗುವುದಿಲ್ಲ. ಕಣ್ಣಿಗೆ ಸರಿಯಾದದ್ದು ಗೊತ್ತಾಗುತ್ತಿತ್ತು, ಬೆರಳು ಹಳೆಯ ದಾರಿಯಲ್ಲೇ ಹೋಗುತ್ತಿತ್ತು. ಮೇಲಿನಿಂದ ಶುರು ಮಾಡಬೇಕಾದದ್ದನ್ನು ಕೆಳಗಿನಿಂದ ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ನನ್ನ ಮುಖ ನೋಡುತ್ತಿದ್ದರು. ನಾನು ಮುಖ ಸಿಂಡರಿಸಿದರೆ ಬೆರಳನ್ನೇ ಎತ್ತಿಬಿಡುತ್ತಿದ್ದರು. ಇನ್ಸ್‌ಪೆಕ್ಟರು ಬರುವುದಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ.

ಉಪಾಯ ಸಿಕ್ಕಿದ್ದು ಅತ್ತಿಗೆಯಿಂದ. "ಅವತ್ತು ಮೊರ ನೆಲದ ಮ್ಯಾಲಿತ್ತು. ಅದ್ಕೇ ಎದುರಿನೋರಿಗೆ ಬ್ಯಾರೆ ಕಂಡ್ತು. ತೊಡೆ ಮ್ಯಾಲಿಟ್ಕಂಡ್ರೆ?" ಎಂದರು. ಬೆಳಿಗ್ಗೆ ಹೊತ್ತು ಹುಡುಗಿಯರನ್ನು ನಮ್ಮ ಅಂಗಳಕ್ಕೆ ಕರೆದು ಒಬ್ಬೊಬ್ಬಳಿಗೂ ಒಂದೊಂದು ಮೊರ ಕೊಟ್ಟು, ಒಂದೊಂದು ಹಿಡಿ ಹೊಸ ರಾಗಿ ಹರಡಿಕೊಟ್ಟರು. ತೊಡೆಯ ಮೇಲಿನ ಮೊರಕ್ಕೆ ಆ ಕಡೆ ಎನ್ನುವುದೇ ಇಲ್ಲ. ಅದು ಅವಳೊಬ್ಬಳದು. ನಾನು ಹಿಂದೆ ಕೂತು, ಭುಜದ ಮೇಲಿಂದ ಕೈ ಚಾಚಿ, ಅವರ ಬೆರಳು ಹಿಡಿದು ತಿದ್ದಿಸುತ್ತ ಬಂದೆ. ತಪ್ಪಾದರೆ ಮೊರವನ್ನು ಒಂದು ಸಲ ಅಲುಗಿಸಿದರೆ ಸಾಕು, ಎಲ್ಲವೂ ಅಳಿಸಿ ಹೋಗುತ್ತಿತ್ತು. ಅಳಿಸುವುದು ಅಷ್ಟು ಸುಲಭವಾದ ಮೇಲೆ ಮಕ್ಕಳಿಗೆ ಹೆದರಿಕೆ ಬಿಟ್ಟಿತು. ಆರು ಮೊರಗಳು ಒಟ್ಟಿಗೆ ಅಲುಗುವ ಸದ್ದು ಈಗಲೂ ಕಿವಿಯಲ್ಲಿದೆ. ಅಂಗಳದ ತುಂಬ ಹೊಸ ರಾಗಿಯ ವಾಸನೆ, ಪಕ್ಕದಲ್ಲಿ ಅವರೆಕಾಯಿ ಸಿಪ್ಪೆಯ ವಾಸನೆ. ಕಾಳು ಚೆಲ್ಲಿದರೆ ಕೋಳಿಗಳು ಕಾಯುತ್ತಿದ್ದವು. ಕೆಲವು ದಿನಗಳಾದ ಮೇಲೆ ನೋಡಿದರೆ ಏಳನೆಯ ಮೊರವೂ ಇತ್ತು. ಅತ್ತಿಗೆ ಕಂಬದ ಮರೆಯಲ್ಲಿ ಕೂತು ರ ಬರೆಯುತ್ತಿದ್ದರು. ನಾನು ನೋಡದವನ ಹಾಗೆ ಇದ್ದೆ.

ಮೂರನೆಯ ವಾರದ ಹೊತ್ತಿಗೆ ಬೆರಳುಗಳು ಹೊಸ ದಾರಿ ಹಿಡಿದವು. ರಾಗಿಯಿಂದ ಸ್ಲೇಟಿಗೆ ಬಂದೆವು. ಎತ್ತಿ ತೋರಿಸಿ ಎಂದಾಗ ಹದಿಮೂರರಲ್ಲಿಯೂ ಅ ನೇರವಾಗಿ ನಿಂತಿತ್ತು.

ಸಂಕ್ರಾಂತಿ ಕಳೆದ ಮೇಲೆ ಇನ್ಸ್‌ಪೆಕ್ಟರು ಎತ್ತಿನ ಗಾಡಿಯಲ್ಲಿ ಬಂದರು. ಸೇಲಂ ಕಡೆಯವರು, ಮನೆ ಮಾತು ತಮಿಳು, ಕನ್ನಡವನ್ನು ನಿಧಾನವಾಗಿ ಆಡುತ್ತಿದ್ದರು. ಗೌಡರ ಮನೆಯಿಂದ ತಂದ ಕುರ್ಚಿಯಲ್ಲಿ ಕೂತು ದೊಡ್ಡ ಮಕ್ಕಳಿಂದ ಮಗ್ಗಿ ಹೇಳಿಸಿದರು, ಹುಡುಗರಿಂದ ಬರೆಸಿದರು. ಆಮೇಲೆ ಹುಡುಗಿಯರ ಕಡೆ ನೋಡಿ ಚೌಡಿಯನ್ನು ಕರೆದರು. ಅವಳು ಸ್ಲೇಟು ಹಿಡಿದು ಅವರ ಮುಂದೆ ನೆಲದ ಮೇಲೆ ಕೂತಳು. ತಿಮ್ಮಕ್ಕ ಬಾಗಿಲ ಹೊರಗಿದ್ದಳು, ಗೌಡರು ಒಳಗಿದ್ದರು.

"ಅರಸ ಬರಿಯಮ್ಮ, ನೋಡೋಣ" ಎಂದರು ಇನ್ಸ್‌ಪೆಕ್ಟರು.

ಚೌಡಿ ಅವರ ಮುಖವನ್ನೊಮ್ಮೆ ನೋಡಿದಳು. ಸ್ಲೇಟನ್ನು ಅವರಿಬ್ಬರ ನಡುವೆ ನೆಲದ ಮೇಲಿಟ್ಟಳು. ತನ್ನ ಬಲಗಡೆಯಿಂದ ಶುರು ಮಾಡಿ, ಒಂದೊಂದು ಅಕ್ಷರವನ್ನೂ ತಲೆಕೆಳಗಾಗಿ ಬರೆಯತೊಡಗಿದಳು. ಒಂದು ತಿಂಗಳ ಕೆಲಸ, ಅಣ್ಣನ ಒಂದು ಬೇಸಿಗೆ, ಆರು ಹುಡುಗಿಯರು, ಎಲ್ಲವೂ ಆ ಬಳಪದ ತುದಿಯಲ್ಲಿ ಮುಗಿಯಿತು ಎಂದುಕೊಂಡು ಕಂಬ ಹಿಡಿದು ನಿಂತೆ.

ಇನ್ಸ್‌ಪೆಕ್ಟರು ಕುರ್ಚಿಯಿಂದ ಬಗ್ಗಿ ನೋಡಿದರು. ಅವರ ಕಡೆಗೆ ಅರಸ ಎಂದು ನೇರವಾಗಿ, ದುಂಡಗೆ ಇತ್ತು. ಅವರು ಸ್ಲೇಟು ನೋಡಿದರು, ಹುಡುಗಿ ಕೂತ ಕಡೆ ನೋಡಿದರು, ಮತ್ತೆ ಸ್ಲೇಟು ನೋಡಿದರು.

"ಇದನ್ನ ಹೇಗಮ್ಮ ಬರೆದೆ?"

"ನೀವು ಆ ಕಡೆ ಕೂತಿದ್ರಲ್ಲ" ಎಂದಳು ಚೌಡಿ.

"ನಿನ್ನ ಕಡೆಗೆ ಬರೆಯೋಕೆ ಬರುತ್ತಾ?"

ಅವಳು ಅಂಗೈಯಿಂದ ಅಳಿಸಿ, ಸ್ಲೇಟನ್ನು ತೊಡೆಯ ಮೇಲೆಳೆದುಕೊಂಡು, ಎಡಗಡೆಯಿಂದ ಅರಸ ಎಂದು ಬರೆದು ಎತ್ತಿ ತೋರಿಸಿದಳು. ಅದೂ ಅಷ್ಟೇ ದುಂಡಗಿತ್ತು.

ಅವರು ತಮಿಳಿನಲ್ಲಿ "ನಲ್ಲಾ ಇರುಕ್ಕು", ಚೆನ್ನಾಗಿದೆ, ಎಂದು ತಮಗೇ ಹೇಳಿಕೊಂಡು, ನನ್ನ ಕಡೆ ಬೆರಳು ತೋರಿಸಿ, "ಇವರಾ ಕಲಿಸಿದ್ದು?" ಎಂದು ಕೇಳಿದರು.

"ಇವರಲ್ಲ. ನಮ್ ದೊಡ್ ಮೇಷ್ಟ್ರು. ಇವ್ರು ಆಮ್ಯಾಕೆ ತಿದ್ದಿಸಿದ್ರು."

ನಾನು ಮುಂದೆ ಬಂದು, ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಎರಡನೆಯ ಸಲ ಹೇಳುವುದು ಕಷ್ಟವಾಗಲಿಲ್ಲ. ಅವರು ಕೇಳಿ ಬಹಳ ಹೊತ್ತು ನಕ್ಕರು. ಉಳಿದ ಐವರಿಂದಲೂ ಬರೆಸಿ ನೋಡಿದರು. ಹೊರಡುವಾಗ ಗೌಡರಿಗೆ, ಈ ಹೆಣ್ಣುಮಕ್ಕಳನ್ನು ಐದನೆಯ ತರಗತಿಯವರೆಗಾದರೂ ಬಿಡಿಸಬೇಡಿ ಎಂದರು. ಗೌಡರು ತಮ್ಮದೇ ಯೋಚನೆ ಅದು ಎನ್ನುವ ಹಾಗೆ ತಲೆಯಾಡಿಸಿದರು. ಗಾಡಿ ಮರೆಯಾದ ಮೇಲೆ ನಾನು ಚಾವಡಿಯ ಮೆಟ್ಟಿಲ ಮೇಲೆ ಕೂತು ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದೆ. ಮನೆಗೆ ಹೋಗಿ ಅತ್ತಿಗೆಗೆ ಹೇಳಿದೆ. ಅವತ್ತು ಇಬ್ಬರೂ ಹೊಟ್ಟೆ ತುಂಬ ಉಂಡೆವು.

ಹೊಸ ಮೇಷ್ಟ್ರು ಯಾರೂ ಬರಲಿಲ್ಲ. ನಾನೇ ಮುಂದೆ ತರಬೇತಿ ಮುಗಿಸಿಕೊಂಡು ಮೇಷ್ಟ್ರಾದೆ. ನಮ್ಮೂರಿನಲ್ಲೂ ಆಮೇಲೆ ರಾಯಕೋಟೆಯ ಕಡೆಯ ಶಾಲೆಗಳಲ್ಲೂ ಕೆಲಸ ಮಾಡಿ ನಿವೃತ್ತನಾದೆ. ಆರು ಹುಡುಗಿಯರಲ್ಲಿ ಐವರು ಐದನೆಯ ತರಗತಿ ಮುಗಿಸಿದರು, ಲಕ್ಷ್ಮಿಯನ್ನು ಮೂರನೆಯದಕ್ಕೇ ಬಿಡಿಸಿದರು. ಚೌಡಿ ಮದುವೆಯಾಗಿ ಹೋದ ಊರಿನಿಂದ ಅಜ್ಜಿಗೆ ಕಾಗದ ಬರೆಯುತ್ತಿದ್ದಳು, ಓದಿ ಹೇಳಲು ತಿಮ್ಮಕ್ಕ ನನ್ನ ಬಳಿಗೆ ಬರುತ್ತಿದ್ದಳು. ಅತ್ತಿಗೆ ತಮ್ಮ ಹೆಸರು ಬರೆಯುವಷ್ಟು ಕಲಿತರು. ಹೋದ ತಿಂಗಳು ಅವರೂ ಹೋದರು. ಆ ವರ್ಷದ ಸಂಗತಿ ಪೂರ್ತಿ ಗೊತ್ತಿದ್ದವನು ಈಗ ನಾನೊಬ್ಬನೇ. ಅದಕ್ಕೇ ಬರೆದಿಟ್ಟಿದ್ದೇನೆ.

ಇದನ್ನು ನಾನು ಗೌಡರಿಗೆ ಹೇಳಿದೆ, ಇನ್ಸ್‌ಪೆಕ್ಟರಿಗೆ ಹೇಳಿದೆ, ಮುಂದೆ ಎಷ್ಟೋ ಜನ ಮೇಷ್ಟ್ರುಗಳಿಗೆ ಹೇಳಿದೆ. ಕೇಳಿದವರೆಲ್ಲ ನಕ್ಕರು. ಅಣ್ಣ ಕೇಳಿದ್ದರೆ ನಗುತ್ತಿದ್ದನೋ, ನಾಚಿಕೆಪಡುತ್ತಿದ್ದನೋ, ನನ್ನನ್ನೇ ಬೈಯುತ್ತಿದ್ದನೋ ನನಗೆ ಗೊತ್ತಿಲ್ಲ. ಅವನಿಗೆ ಹೇಳಲು ಆಗಲಿಲ್ಲ.